ತೊಟ್ಟಿ ಮನೆಗೆ ದಾರ ಕಟ್ಟಿದ್ದು: ಪೀರಿಯಡ್ ಸೀರಿಯಲ್ಲಿನಲ್ಲಿ ಕಾಲ ಕೆಡದಂತೆ ನೋಡಿಕೊಂಡ ಬಗೆ

ನಮ್ಮ ಸೀರಿಯಲ್ಲಿನ ಏಳುನೂರು ಚಿಲ್ಲರೆ ಎಪಿಸೋಡ್ ಮುಗಿದ ಮೇಲೆ ಈಗ ಫೋನುಗಳು ಬರುತ್ತಿವೆ. "ಆ ದಾರದ ವಿಷಯ ಸ್ವಲ್ಪ ಹೇಳಿ ಸಾರ್" ಅನ್ನುತ್ತಾರೆ. ಕಥೆಯ ಮನೆಯಲ್ಲಿ ಯಾರು ಎಲ್ಲಿವರೆಗೆ ಬರಬಹುದೆಂದು ಗುರುತಿಡಲು ಮೊದಲ ಷೆಡ್ಯೂಲಿನಲ್ಲಿ ನಾವು ಕಂಬದ ಬುಡಕ್ಕೆ ಬಣ್ಣದ ದಾರ ಕಟ್ಟುವಾಗ "ಇದೇನು, ಅರಳಿಕಟ್ಟೆ ಪೂಜೆಯಾ?" ಎಂದು ನಕ್ಕವರೂ ಇವರಲ್ಲಿದ್ದಾರೆ. ಇರಲಿ. ನೆನಪಿದ್ದಷ್ಟು ಬರೆದಿಡುತ್ತೇನೆ. ಲೆಕ್ಕವೆಲ್ಲ ಅಂದಾಜು, ವೋಚರುಗಳು ಪ್ರೊಡಕ್ಷನ್ ಮ್ಯಾನೇಜರ್ ಹತ್ತಿರ ಇವೆ.

ಕಥೆ 1936ರಲ್ಲಿ ಶುರುವಾಗಿ 1957ಕ್ಕೆ ನಿಲ್ಲುತ್ತದೆ. ಮಂಜರಾಬಾದ್ ತಾಲ್ಲೂಕಿನ ಕಾಫಿ ತೋಟದ ಗೌಡರ ಮನೆ. ಒಳಾಂಗಣ ಸಕಲೇಶಪುರದ ಕಡೆಯ ಒಂದು ಹಳೇ ತೊಟ್ಟಿ ಮನೆಯಲ್ಲಿ, ಹೊರಾಂಗಣ ಹೆಚ್ಚಾಗಿ ಮೂಡಿಗೆರೆ ಕಡೆ. ವಾರಕ್ಕೆ ಐದು ಎಪಿಸೋಡು, ದಿನಕ್ಕೆ ಒಂದೂಕಾಲರಿಂದ ಒಂದೂವರೆ ಎಪಿಸೋಡು ತೆಗೆಯಲೇಬೇಕು. ಸಿನಿಮಾದವರಿಗೆ ಇದು ಅರ್ಥವಾಗುವುದಿಲ್ಲ. ಅವರು ಒಂದು ಸೀನಿಗೆ ಮೂರು ದಿನ ಕೂತು ಲಾಟೀನು ಒರೆಸುತ್ತಾರೆ. ನಮ್ಮಲ್ಲಿ ಬೆಳಿಗ್ಗೆ ಸೀನ್ ಪೇಪರ್ ಬಂದರೆ ಹತ್ತು ಗಂಟೆಗೆ ಫಸ್ಟ್ ಶಾಟ್. ಈ ವೇಗದಲ್ಲಿ ಯಾರ ತಲೆಯಲ್ಲೂ ಚರಿತ್ರೆ ಉಳಿಯುವುದಿಲ್ಲ. ಅದು ಮನೆಯಲ್ಲೇ ಕಾಣುವಂತೆ ಇರಬೇಕು.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ವಿಷಯ ಬಲ್ಲವರೊಬ್ಬರಿಂದ ನಲವತ್ತು ಪುಟದ ಟಿಪ್ಪಣಿ ಬರೆಸಿದೆವು, ಸುಮಾರು ಮೂವತ್ತೈದು ಸಾವಿರ ಕೊಟ್ಟು. ಚೆನ್ನಾಗಿಯೇ ಬರೆದಿದ್ದರು. ಎಪಿಸೋಡ್ ಡೈರೆಕ್ಟರು ಎರಡನೇ ಪುಟ ದಾಟಲಿಲ್ಲ. ಕಾಸ್ಟ್ಯೂಮರ್ ಅದನ್ನು ಇಸ್ತ್ರಿಪೆಟ್ಟಿಗೆ ಕೆಳಗೆ ಇಟ್ಟುಕೊಂಡಿದ್ದ. ಆ ಟಿಪ್ಪಣಿಯಲ್ಲಿ ರಾಜರ ಹೆಸರು, ಯುದ್ಧ, ಕಾಯಿದೆ ಎಲ್ಲ ಇತ್ತು. ಆದರೆ ರೈಟರು, ಅಂದರೆ ತೋಟದ ಲೆಕ್ಕ ಬರೆಯುವವನು, ಸಾಹುಕಾರರ ಮುಂದೆ ಬಂದಾಗ ಎಲ್ಲಿ ನಿಲ್ಲುತ್ತಾನೆ, ಕೂರುತ್ತಾನಾ, ಕೂತರೆ ಯಾವುದರ ಮೇಲೆ, ಅದು ಇರಲಿಲ್ಲ. ಸೆಟ್ಟಿನಲ್ಲಿ ದಿನಕ್ಕೆ ಮೂವತ್ತು ಸಲ ಬರುವ ಪ್ರಶ್ನೆ ಅದೊಂದೇ.

ಎರಡನೇ ಪ್ರಯತ್ನ ನಿಲುಗಡೆ ಪಟ್ಟಿ: ಫ್ರೇಮಿನಲ್ಲಿ ಬರಬಾರದ್ದರ ಪಟ್ಟಿ. ಇದು ಕೆಲಸ ಮಾಡಿತು, ಈಗಲೂ ಇಟ್ಟುಕೊಂಡಿದ್ದೇನೆ. ನೂರಿಪ್ಪತ್ತರ ಹತ್ತಿರ ಸಾಮಾನಿವೆ. ಸ್ಟಿಕ್ಕರ್ ಬಿಂದಿ, ಸೀರೆಯ ಫಾಲ್ಸು, ಪ್ಲಾಸ್ಟಿಕ್ ಬಕೆಟ್ಟು, ಬಾಲ್ ಪೆನ್ನು, ಸ್ಟೀಲ್ ಲೋಟ ಎಲ್ಲರಿಗೂ ಗೊತ್ತಿರುವವು. ಕಾಫಿ ತೋಟದ ಮನೆ ಅಂದ ತಕ್ಷಣ ಸ್ಟೀಲ್ ಫಿಲ್ಟರು, ಸ್ಟೀಲ್ ಡಬರಾ ತಂದಿಡುತ್ತಾರೆ. ನಾವು ಇಟ್ಟದ್ದು ಕಲಾಯಿ ಹಾಕಿದ ಹಿತ್ತಾಳೆ ಲೋಟ, ಅದರಲ್ಲಿ ಬೆಲ್ಲದ ಕಾಫಿ. ನಾಣ್ಯದಲ್ಲಿ ಬಹಳ ಜನ ಎಡವುತ್ತಾರೆ. ಸಿಂಹಲಾಂಛನದ ನಾಣ್ಯ ಬಂದದ್ದು 1950ರಲ್ಲಿ. 1948ರ ಸಂತೆಯಲ್ಲಿ ಜಾರ್ಜ್ ದೊರೆಯ ತಲೆಯೇ ಓಡಬೇಕು. ಕಾಗದದ ಮೇಲಿನ ಸ್ಟಾಂಪು 1936ಕ್ಕೆ 5ನೇ ಜಾರ್ಜ್, 1937ರ ಕೊನೆಯ ಹೊತ್ತಿಗೆ 6ನೇ ಜಾರ್ಜ್ ಬರಬಹುದು. "ಮೈಸೂರು ಅಂಚೆ" ಅಂತ ಬರೆದ ಪೆಟ್ಟಿಗೆಯನ್ನು ಆರ್ಟ್ ವಿಭಾಗದವರು ಆಸೆಯಿಂದ ಮಾಡಿಸಿಕೊಂಡು ಬಂದಿದ್ದರು, ನಾಲ್ಕು ಸಾವಿರ ಖರ್ಚಾಗಿತ್ತು. ಮೈಸೂರಿನ ಅಂಚೆ 1889ರಲ್ಲೇ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಗಿತ್ತು. ಆ ಪೆಟ್ಟಿಗೆ ಈಗ ನಮ್ಮ ಜನರೇಟರ್ ಹುಡುಗರ ಡೀಸೆಲ್ ಚೀಟಿ ಹಾಕುವ ಡಬ್ಬಿ.

ಪಟ್ಟಿಗೆ ಸಿಗದೆ ತಪ್ಪಿಸಿಕೊಳ್ಳುವುದು ಗಿಡ ಮತ್ತು ದನ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಎಡಿಟಿಂಗಿಗೆ ಹೋದ ಮೇಲೆ ಏನೂ ಮಾಡಲಾಗುವುದಿಲ್ಲ. ರಸ್ತೆ ಬದಿಯ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಈ ದೇಶದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದೇ ಐವತ್ತರ ದಶಕದಲ್ಲಿ, ಅದೂ ಪುಣೆ ಕಡೆ. ನಮ್ಮ ಎತ್ತಿನ ಗಾಡಿ ಸೀನಿನಲ್ಲಿ ಗಾಡಿಯ ಹಿಂದೆ ಸೊಂಟದೆತ್ತರ ಬಿಳೀ ಹೂ ಬಿಟ್ಟು ನಿಂತಿತ್ತು. ಅವತ್ತು ಇಬ್ಬರು ಆಳು ಇಟ್ಟು ಅರ್ಧ ಫರ್ಲಾಂಗು ಕೀಳಿಸಿದೆವು, ಎರಡು ಗಂಟೆ ಹೋಯಿತು. ಆಮೇಲಿನಿಂದ ಹಿಂದಿನ ದಿನವೇ ಕೀಳಿಸುವ ಪದ್ಧತಿ. ಅಕೇಶಿಯಾ ನೆಡುತೋಪು ಕಂಡರೆ ಕ್ಯಾಮೆರಾ ತಿರುಗಿಸಬೇಕು, ಅದು ಎಂಬತ್ತರ ದಶಕದ ಮಾಲು. ಸಿಲ್ವರ್ ಓಕ್ ಬಗ್ಗೆ ಕೆಲವರು ತಕರಾರು ತೆಗೆದರು. ಅದು ಹತ್ತೊಂಬತ್ತನೇ ಶತಮಾನದಲ್ಲೇ ಬಂದಿದೆ, ಇರಲಿ ಬಿಡಿ. ಕಾಫಿ ಗಿಡದಲ್ಲೂ ಕಾವೇರಿ ತಳಿಯ ಕುಳ್ಳ ಗಿಡಗಳ ನಡುವೆ ನಿಲ್ಲಿಸಿದರೆ ಹಾಸನ ಚಿಕ್ಕಮಗಳೂರಿನವರು ಮನೆಯಲ್ಲಿ ಕೂತೇ ನಗುತ್ತಾರೆ. ಎತ್ತರದ ಹಳೇ ಅರೇಬಿಕಾ, ಮೇಲೆ ಕಾಡುಮರದ ನೆರಳು ಇರುವ ತೋಟ ಹುಡುಕಬೇಕು. ಕೊಟ್ಟಿಗೆಯಲ್ಲಿ ಕಪ್ಪು ಬಿಳಿ ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ವಿದೇಶಿ ತಳಿ) ಹಸು ಇದ್ದರೆ ಹೊರಗೆ ಹೊಡೆಯಿರಿ. ಮಲೆನಾಡು ಗಿಡ್ಡ ಸುಲಭಕ್ಕೆ ಸಿಗುತ್ತದೆ. ಗಾಡಿಗೆ ಹಳ್ಳಿಕಾರ್ ಜೋಡಿ ಬಾಡಿಗೆ ಕೇಳಿದೆವು, ದಿನಕ್ಕೆ ಮೂರು ಸಾವಿರದ ಆಸುಪಾಸು ಬಿತ್ತು.

2014ರಲ್ಲಿ ಇಂಗ್ಲೆಂಡಿನ 'ಡೌನ್‌ಟನ್ ಅಬೇ' ಸೀರಿಯಲ್ಲಿನ ಪ್ರಚಾರದ ಫೋಟೋದಲ್ಲಿ ಒಂದು ಪ್ಲಾಸ್ಟಿಕ್ ನೀರಿನ ಬಾಟಲಿ ಕಂಡು ಲೋಕವೆಲ್ಲ ನಕ್ಕಿತು. 1920ರ ದಶಕದ ಕಥೆ ಅದು. ಅಷ್ಟು ದುಡ್ಡಿದ್ದವರಿಗೇ ಹಾಗಾದರೆ ನಮ್ಮದೇನು ಲೆಕ್ಕ ಎಂದು ನಮ್ಮವರು ಸಮಾಧಾನ ಮಾಡಿಕೊಂಡರು. ನನಗೆ ಸಮಾಧಾನವಾಗಲಿಲ್ಲ, ಆದರೆ ಬೇರೆ ಕಾರಣಕ್ಕೆ. ಬಾಟಲಿ ತೆಗೆದಿಟ್ಟರೆ ಮುಗಿಯಿತು. 1936ರ ಸೊಸೆ ಗಂಡನ ಎದುರು ಕಾಲ ಮೇಲೆ ಕಾಲು ಹಾಕಿ ಕೂತು "ನನ್ನ ಲೈಫು ನನ್ನ ಡಿಸಿಷನ್ನು" ಎಂಬ ಭಾವದಲ್ಲಿ ನೋಡಿದರೆ ಅದನ್ನು ಯಾವ ಪ್ರಾಪರ್ಟಿ ಹುಡುಗನೂ ಎತ್ತಿಡಲಾರ.

ನಮ್ಮ ಮೊದಲ ಮೂವತ್ತು ಎಪಿಸೋಡು ಹಾಗೇ ಇದ್ದವು. ಸಾಮಾನೆಲ್ಲ 1936, ಮನುಷ್ಯರೆಲ್ಲ ಮೊನ್ನೆಯವರು. ಒಳ್ಳೆಯವರೆಲ್ಲ ಜಾತಿ ಗೀತಿ ನೋಡದ ಸುಧಾರಕರು, ಕೆಟ್ಟವರೆಲ್ಲ ಮೀಸೆ ತಿರುವಿ ಕೀಳು ಮಾತಾಡುವವರು. ಆ ಕಾಲದಲ್ಲಿ ಒಳ್ಳೆಯ ಯಜಮಾನನೂ ಆಳಿನ ಮಗುವಿಗೆ ಕಾಯಿಲೆಯಾದರೆ ರಾತ್ರಿ ಗಾಡಿ ಕಟ್ಟಿಸಿ ಕಳಿಸುತ್ತಿದ್ದ, ಬೆಳಿಗ್ಗೆ ಅದೇ ಆಳಿಗೆ ಕರಟದಲ್ಲಿ ಕಾಫಿ ಹೊಯ್ಯಿಸುತ್ತಿದ್ದ. ಎರಡೂ ಒಬ್ಬನೇ ಮನುಷ್ಯ. ಇದನ್ನು ಡೈಲಾಗಿನಲ್ಲಿ ಹೇಳಲು ಹೋದರೆ ಭಾಷಣವಾಗುತ್ತದೆ, ಇಲ್ಲ ಅವನ ಪರ ವಕಾಲತ್ತಾಗುತ್ತದೆ. ಎರಡನ್ನೂ ಬರೆಸಿ, ತೆಗೆದು, ಎಸೆದಿದ್ದೇವೆ. ಐದಾರು ಸೀನು, ಹೆಚ್ಚೂಕಡಿಮೆ ಒಂದೂವರೆ ದಿನದ ಶೂಟಿಂಗು.

ದಾರದ ಯೋಚನೆ ಅಲ್ಲಿಂದ ಬಂತು. ಮೊದಲು ಮನೆಯ ನಕ್ಷೆ ಬರೆದು ಅದರ ಮೇಲೆ ಪೆನ್ಸಿಲಿನಲ್ಲಿ ಗೆರೆ ಹಾಕಿದೆ: ಯಾರು ಎಲ್ಲಿವರೆಗೆ ಬರಬಹುದು. ಅಂಗಳ, ಜಗುಲಿಯ ಕೆಳಮೆಟ್ಟಿಲು, ಜಗುಲಿ, ಪಡಸಾಲೆ, ತೊಟ್ಟಿ, ನಡುಮನೆ, ಅಡುಗೆಮನೆ, ದೇವರ ಮನೆ, ಹಿತ್ತಿಲು. ಈ ನಕ್ಷೆಯನ್ನು ಕಾಲ್‌ಶೀಟಿನ ಹಿಂದೆ ಜೆರಾಕ್ಸ್ ಹಾಕಿಸಿ ಹಂಚಿದರೆ ಯಾರೂ ನೋಡಲಿಲ್ಲ. ನೆಲದ ಮೇಲೆ ಬಟ್ಟೆ ಟೇಪು ಅಂಟಿಸಿದೆವು. ಕೆಂಪು ಗಾರೆ ನೆಲದ ಪಾಲಿಶು ಟೇಪಿನ ಜೊತೆ ಎದ್ದು ಬಂತು. ಮನೆಯವರಿಗೆ ಹನ್ನೆರಡು ಸಾವಿರ ಕಟ್ಟಿಕೊಟ್ಟೆವು, ಜೊತೆಗೆ ಬೈಗುಳ. ಬಳಪದಲ್ಲಿ ಬರೆದರೆ ಎರಡು ಶಾಟಿಗೆ ಸೆರಗು, ಪಂಚೆ ಒರೆಸಿಹಾಕುತ್ತಿತ್ತು. ಆಮೇಲೆ ನಕ್ಷೆಯನ್ನೇ ದಿಟ್ಟಿಸಿ ನೋಡಿದಾಗ ಹೊಳೆದದ್ದು ಇಷ್ಟೇ. ನಾನು ಹಾಕಿದ ಒಂದು ಗೆರೆಯೂ ಬಯಲಿನಲ್ಲಿಲ್ಲ. ಎಲ್ಲವೂ ಒಂದು ಹೊಸ್ತಿಲಿನ ಮೇಲೆ, ಒಂದು ಮೆಟ್ಟಿಲಿನ ಅಂಚಿಗೆ, ಎರಡು ಕಂಬದ ನಡುವೆ ಬಿದ್ದಿವೆ. ಮನೆ ಕಟ್ಟಿದವರೇ ಗೆರೆ ಎಳೆದಿಟ್ಟು ಹೋಗಿದ್ದಾರೆ. ನೆಲಕ್ಕೆ ಏನೂ ಮಾಡಬೇಕಾಗಿಲ್ಲ, ಕಂಬದ ಬುಡಕ್ಕೆ, ಬಾಗಿಲ ತೋಳಿಗೆ ನೆಲದಿಂದ ನಾಲ್ಕು ಬೆರಳು ಮೇಲೆ ಒಂದೊಂದು ಸುತ್ತು ದಾರ ಕಟ್ಟಿದರೆ ಸಾಕು.

ಐದು ಬಣ್ಣ. ಬಿಳಿ ದಾರ ಮನೆಯ ಗಂಡಸರದು, ಹಳದಿ ಸೊಸೆಯರದು, ಹಸಿರು ರೈಟರು, ಶಾನುಭೋಗರು, ವ್ಯಾಪಾರಕ್ಕೆ ಬಂದವರದು, ನೀಲಿ ಮನೆಗೆಲಸದವರದು, ಕೆಂಪು ಲೈನಿನ (ತೋಟದ ಕೂಲಿಯವರ ಸಾಲುಮನೆಯ) ಆಳುಗಳದು. ದಾರ ಎಲ್ಲಿದೆಯೋ ಆ ಬಣ್ಣದವರು ಅಲ್ಲಿಗೆ ನಿಲ್ಲಬೇಕು. ವೈಡ್ ಶಾಟಿನಲ್ಲಿ ಕಾಣದಂತೆ ಗಂಟು ಕಂಬದ ಹಿಂಬದಿಗೆ. ಹತ್ತು ದಿನದೊಳಗೆ ಆರ್ಟಿಸ್ಟುಗಳೇ "ಸಾರ್, ಇಲ್ಲಿ ಹಸಿರು ಎಲ್ಲಿ?" ಎಂದು ಕೇಳತೊಡಗಿದರು. ಟಿಪ್ಪಣಿ ಓದದವರೆಲ್ಲ ದಾರ ಓದಿದರು. ಒಟ್ಟು ಖರ್ಚು ಎಂಟು ಉಂಡೆ ದಾರ, ಮುನ್ನೂರು ರೂಪಾಯಿಯೂ ಆಗಲಿಲ್ಲ.

ಕಟ್ಟುವುದು ಎಲ್ಲಿ ಎನ್ನುವುದನ್ನು ಪುಸ್ತಕ ನೋಡಿ ತೀರ್ಮಾನಿಸಬೇಡಿ. ಅದೇ ಮನೆಯ ಅಜ್ಜಮ್ಮ ಒಬ್ಬರು ದಿನಾ ಹಿತ್ತಿಲ ಬಾಗಿಲಲ್ಲಿ ಕೂತು ಶೂಟಿಂಗ್ ನೋಡುತ್ತಿದ್ದರು. ಮೂರನೇ ದಿನ ಕೇಳಿದರು: "ಆ ಕೆಂಪು ದಾರ ಜಗುಲಿ ಮೆಟ್ಲಿಗೆ ಯಾಕೆ ಕಟ್ಟಿದ್ದೀರಪ್ಪ? ಅವರು ಅಲ್ಲಿಗೆಲ್ಲಿ ಬತ್ತಿದ್ರು, ಹುಲ್ಲಿನ ಬಣವೆ ಪಕ್ಕ ನಿಂತ್ಕಂಡು ಕೂಗೋರು." ಕೆಂಪನ್ನು ಅಂಗಳದಾಚೆಗೆ ತೆಗೆದುಕೊಂಡು ಹೋದೆವು. ಅದರಿಂದ ಆಳು ಮಾತಾಡುವ ಸೀನೆಲ್ಲ ದೂರದಿಂದ ಕೂಗಿ ಹೇಳುವ ಸೀನಾಯಿತು. ಸೌಂಡಿನವರಿಗೆ ಕಷ್ಟ, ಆದರೆ ಆ ಕೂಗಿನಲ್ಲೇ ಅರ್ಧ ಕಥೆ ಇತ್ತು.

ದಾರ ಯಾವಾಗಲೂ ಒಂದೇ ಕಡೆ ಇರುವುದಿಲ್ಲ. ಸೂಲಗಿತ್ತಿಗೆ ಮಾಮೂಲು ದಿನ ಕೆಂಪು, ಹೆರಿಗೆ ದಿನ ಒಳಕೋಣೆಯವರೆಗೆ. ಬಾಣಂತಿಗೆ ನೀರು ಹಾಕುವುದು, ಮಗು ತೊಳೆಯುವುದು, ಎಲ್ಲ ಅವಳೇ. ಪುಣ್ಯಾಹವಾದ ಮೇಲೆ ದಾರ ಮತ್ತೆ ಅಂಗಳದಾಚೆಗೆ. ಮನೆಯ ಹೆಣ್ಣುಮಕ್ಕಳು ಹೊರಗಾದ ಮೂರು ದಿನ ಹಳದಿ ದಾರ ಹಿತ್ತಿಲ ಕಡೆಯ ಕೋಣೆಗೆ ಹೋಗುತ್ತದೆ. ನಮ್ಮ ಸೀರಿಯಲ್ಲುಗಳಲ್ಲಿ ಮುಟ್ಟೇ ಇಲ್ಲ, ಎಲ್ಲರೂ ಮುನ್ನೂರರವತ್ತೈದು ದಿನವೂ ದೇವರ ಮನೆಯಲ್ಲಿ ಆರತಿ ಎತ್ತುತ್ತಿರುತ್ತಾರೆ. ನಾವು ಅದಕ್ಕೊಂದು ಡೈಲಾಗನ್ನೂ ಇಡಲಿಲ್ಲ. ಸೊಸೆ ಮೂರು ದಿನ ಅಡುಗೆಮನೆಯಲ್ಲಿ ಕಾಣುವುದಿಲ್ಲ, ಅಡುಗೆ ಅತ್ತೆ ಮಾಡುತ್ತಾಳೆ, ಅಷ್ಟೇ. ನೋಡುವ ಹೆಂಗಸರಿಗೆ ತಕ್ಷಣ ಗೊತ್ತಾಗಿತ್ತು. ಮೀಟಿಂಗಿನಲ್ಲಿದ್ದ ಗಂಡಸರಿಗೆ ವಿವರಿಸಬೇಕಾಯಿತು.

ಚಾನೆಲ್ಲಿನವರ ಆಕ್ಷೇಪ ಒಂದೇ: ಹೀರೋಯಿನ್ ಎದುರು ಮಾತಾಡದಿದ್ದರೆ ಜನ ರಿಮೋಟ್ ಒತ್ತುತ್ತಾರೆ. ಅವರಿಗೆ ಒಪ್ಪಿಸಿದ್ದು ಒಂದು ನಿಯಮದಿಂದ. ದಾರ ದಾಟುವುದು ವಾರಕ್ಕೆ ಒಂದೇ ಸಲ, ಅದೂ ಶುಕ್ರವಾರದ ಕೊನೆಯ ಶಾಟಿನಲ್ಲಿ. ಸೋಮವಾರದಿಂದ ಗುರುವಾರದವರೆಗೆ ಎಲ್ಲರೂ ಅವರವರ ದಾರದೊಳಗೆ. ಆಗ ಒಂದು ಕಾಲು ಹೊಸ್ತಿಲು ದಾಟುವುದೇ ಗುಂಡು ಹೊಡೆದ ಹಾಗೆ ಕೇಳುತ್ತದೆ. ಪ್ರತಿ ಸೀನಿನಲ್ಲೂ ಎಲ್ಲರೂ ಎಲ್ಲ ಕಡೆ ಓಡಾಡುವ ಮನೆಯಲ್ಲಿ ಬಂಡಾಯಕ್ಕೆ ಜಾಗವೇ ಇಲ್ಲ, ಅದಕ್ಕೇ ಅಲ್ಲಿ ಕಿರುಚಬೇಕಾಗುತ್ತದೆ. ರೇಟಿಂಗು ಏರಿತು, ಎಷ್ಟು ಎನ್ನುವುದು ಬೇಡ. ಟೈಮ್ ಸ್ಲಾಟೂ ಆಗಲೇ ಬದಲಾಗಿತ್ತು, ಪೂರಾ ನಮ್ಮದೇ ಎಂದು ಹೇಳಿಕೊಳ್ಳುವುದಿಲ್ಲ. ಅರ್ಧ ಹೇಳಿಕೊಳ್ಳುತ್ತೇನೆ.

ನೀರು ಹೊಯ್ಯುವ ಸೀನನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಅದರ ಬಗ್ಗೆಯೇ ಹೆಚ್ಚು ಜನ ಕೇಳುವುದು. ನೀರಿಗೆಂದು ಮಾತ್ರ ಅಂಗಳ ದಾಟಿ ಬಂದ ಆಳು ಜಗುಲಿಯ ಕೆಳಗೆ ಬಗ್ಗಿ, ಎರಡೂ ಕೈ ಸೇರಿಸಿ ಬೊಗಸೆಯನ್ನು ಬಾಯಿಗೆ ಹಿಡಿಯುತ್ತಾನೆ. ಮೇಲಿನಿಂದ ಸೊಸೆ ತಂಬಿಗೆ ಬಗ್ಗಿಸುತ್ತಾಳೆ. ಜಗುಲಿ ಎರಡೂವರೆ ಅಡಿ, ತಂಬಿಗೆಯ ಬಾಯಿಂದ ಬೊಗಸೆಗೆ ಒಂದೂವರೆ ಅಡಿ. ಮೊದಲ ದಿನ ಹನ್ನೊಂದು ಟೇಕು ಹೋಯಿತು. ತುಂಬಿದ ತಂಬಿಗೆಯಿಂದ ನೀರು ಒಮ್ಮೆಲೇ ಬಿದ್ದು ಆತನ ಮೂಗಿಗೆ ಹೋಯಿತು, ಅಂಗಿ ನೆನೆದು ಕಂಟಿನ್ಯೂಟಿ ಹಾಳಾಯಿತು. ಸರಿಮಾಡಿದ್ದು ಹೀಗೆ: ತಂಬಿಗೆಯಲ್ಲಿ ಮೂರರಲ್ಲೊಂದು ಭಾಗ ಮಾತ್ರ ನೀರು. ಹಿಡಿಯುವುದು ಕಂಠದಲ್ಲಿ, ಹೊಟ್ಟೆಯಲ್ಲಲ್ಲ. ಕುಡಿಯುವವನು ಮೊಣಕೈ ಎರಡನ್ನೂ ಮೈಗೆ ಒತ್ತದೆ ಮುಂದಕ್ಕೆ ಚಾಚಬೇಕು, ಆಗ ಸೋರುವ ನೀರು ಮೊಣಕೈ ತುದಿಯಿಂದ ನೆಲಕ್ಕೆ ಬೀಳುತ್ತದೆ, ಅಂಗಿಗೆ ಬೀಳುವುದಿಲ್ಲ. ಹಾಗೆ ಕುಡಿದು ಅಭ್ಯಾಸವಿದ್ದ ಊರಿನ ಹಿರಿಯರೊಬ್ಬರನ್ನು ಕರೆಸಿ ಅರ್ಧ ದಿನ ಕಲಿಸಿದೆವು. ಸಾಕೆಂದಾಗ ಹೇಗೆ ತಿಳಿಸುವುದು ಗೊತ್ತೇ? ಬಾಯಲ್ಲಿ ನೀರಿದೆ, ಕೈ ಎತ್ತಲಾಗದು. ತಲೆಯನ್ನು ಅಡ್ಡಕ್ಕೆ ಒಮ್ಮೆ ಅಲ್ಲಾಡಿಸುತ್ತಾರೆ. ಆ ತಲೆ ಅಲ್ಲಾಟ ಕಂಡ ಮೇಲೆ ಡೈಲಾಗ್ ರೈಟರು ಬರೆದಿದ್ದ ಆರು ಸಾಲನ್ನು ತಾವೇ ಹೊಡೆದುಹಾಕಿದರು. ಸುಮಾರು ನಲವತ್ತು ಸೆಕೆಂಡಿನ ಶಾಟು. ಎಡಿಟರ್ ಹನ್ನೆರಡಕ್ಕೆ ಇಳಿಸಿದ್ದ, ಜಗಳವಾಡಿ ಮತ್ತೆ ಹಾಕಿಸಿದೆವು.

ಇನ್ನೂರು ಎಪಿಸೋಡಿನ ನಂತರ ಅದೇ ಸೊಸೆ ಒಂದು ಮೆಟ್ಟಿಲು ಕೆಳಗಿಳಿದು ನೀರು ಹೊಯ್ಯುತ್ತಾಳೆ. ಕಡಿಮೆಯಾದದ್ದು ಅರ್ಧ ಅಡಿ. ಮಾತಿಲ್ಲ, ಹಿನ್ನೆಲೆ ಸಂಗೀತ ಬೇಡವೆಂದು ಹಟ ಮಾಡಿದೆವು. ಅತ್ತೆ ಪಡಸಾಲೆಯಿಂದ ನೋಡುತ್ತಾಳೆ, ಏನೂ ಹೇಳುವುದಿಲ್ಲ. ಆ ವಾರ ಬಂದ ಪ್ರತಿಕ್ರಿಯೆ ಮೊದಲು ಯಾವ ಕಪಾಳಮೋಕ್ಷದ ಸೀನಿಗೂ ಬಂದಿರಲಿಲ್ಲ.

ಬೈಗುಳದ ಜಾತಿ ಹೆಸರು ಒಂದನ್ನೂ ಬಳಸಲಿಲ್ಲ. ಕಾನೂನಿನ ಭಯ ಒಂದು. ಅದಕ್ಕಿಂತ ಹೆಚ್ಚಾಗಿ, ದೂರ ಕಣ್ಣಿಗೆ ಕಾಣುವಾಗ ಹೆಸರು ಹೇಳುವ ಅಗತ್ಯವೇ ಬರಲಿಲ್ಲ. "ಲೈನಿನವರು", "ಘಟ್ಟದ ಕೆಳಗಿನವರು" ಎಂದರೆ ಇಲ್ಲಿಯವರಿಗೆ ಎಲ್ಲ ಗೊತ್ತು. ಮೇಸ್ತ್ರಿ ಮುಂಗಡ ಕೊಟ್ಟು ಘಟ್ಟದ ಕೆಳಗಿನಿಂದ ಆಳು ತರುವುದು, ಆ ಮುಂಗಡ ತೀರದೆ ಉಳಿಯುವುದು, ಇದನ್ನು ತೋರಿಸಲು ರೈಟರ ಕಡತದ ಒಂದು ಪುಟ ಸಾಕಾಯಿತು.

ಮಾತಿನ ವಿಷಯ. ಪೂರಾ ಮಂಜರಾಬಾದಿನ ಮಾತು ಬರೆಸಿ ನೋಡಿದೆವು, ಬೆಂಗಳೂರಿನಿಂದ ಬಂದ ಆರ್ಟಿಸ್ಟುಗಳ ಬಾಯಲ್ಲಿ ಅದು ಅಣಕದ ಹಾಗೆ ಕೇಳಿಸಿತು. ಕೊನೆಗೆ ಉಳಿಸಿಕೊಂಡದ್ದು ನಲವತ್ತು ಪದ, ಕೆಲವು ಕ್ರಿಯಾಪದದ ಕೊನೆ, ಮತ್ತು ಕರೆಯುವ ರೀತಿ. ಕರೆಯುವ ರೀತಿ ಸರಿಯಾದರೆ ಮಿಕ್ಕದ್ದು ಮುಕ್ಕಾಲು ಸರಿಹೋಗುತ್ತದೆ. ಹೆಂಡತಿ ಗಂಡನನ್ನು "ರೀ" ಅನ್ನುವುದನ್ನು ತೆಗೆದೆವು. ಅವಳು ಮಗುವಿನ ಮೂಲಕ ಮಾತಾಡುತ್ತಾಳೆ: "ಪುಟ್ಟ, ಅಪ್ಪಯ್ಯಂಗೆ ಎಲೆ ಹಾಕಾಯ್ತು ಅನ್ನು." ಗಂಡ ಎದುರಿಗೇ ಕೂತಿರುತ್ತಾನೆ. ಮಗು ಇಲ್ಲದ ಸೀನಿನಲ್ಲಿ ಬಳೆ ಸದ್ದು, ಇಲ್ಲವೇ ಬಾಗಿಲ ಚಿಲಕದ ಸದ್ದು. ಗಾಜಿನ ಬಳೆ ಕೈಗೆ ಹನ್ನೆರಡು ಇದ್ದರೆ ಮೈಕಿಗೆ ಗದ್ದಲ, ಆರು ಸರಿ.

ಕಾನೂನು, ಸರ್ಕಾರದ ವಿಷಯದಲ್ಲಿ ಎಲ್ಲ ಸೀರಿಯಲ್ಲುಗಳೂ ಬೀಳುವ ಹಳ್ಳವಿದೆ. ಕ್ರೂರಿ ಬಿಳಿ ಕಲೆಕ್ಟರ್! 1881ರ ನಂತರ ಇದು ಮೈಸೂರು ಮಹಾರಾಜರ ಸಂಸ್ಥಾನ. ತಾಲ್ಲೂಕಿಗೆ ಅಮಲ್ದಾರರು, ಕೆಳಗೆ ಶೇಕ್‌ದಾರರು, ಊರಿಗೆ ಪಟೇಲ, ಶಾನುಭೋಗ, ಎಲ್ಲ ನಮ್ಮ ಹಾಗೆ ಕನ್ನಡ ಮಾತಾಡುವವರು. ಈ ಕಡೆ ಕಾಣುವ ಬಿಳಿಯರು ತೋಟದ ದೊರೆಗಳು. ಚಿತ್ರಕಥೆಯಲ್ಲಿದ್ದ ಕಲೆಕ್ಟರನ್ನು ಪಕ್ಕದ ತೋಟದ ದೊರೆಯಾಗಿ ಮಾಡಿದೆವು, ಅದೇ ಆರ್ಟಿಸ್ಟ್, ಅದೇ ಟೋಪಿ. ಹಾಗೆಯೇ 1947ರ ಆಗಸ್ಟ್ 15ರಂದು ಎಲ್ಲ ಮುಗಿಯಿತು ಎಂದು ಬಾವುಟ 'ಏರಿಸಿ' ಸೀಸನ್ ಮುಗಿಸುವ ಆಸೆ ಬರಹಗಾರರಿಗೆ ಇತ್ತು. ಮೈಸೂರಿನವರಿಗೆ ಜವಾಬ್ದಾರಿ ಸರ್ಕಾರದ, ಅಂದರೆ ಜನರಿಗೆ ಉತ್ತರ ಕೊಡುವ ಸರ್ಕಾರದ, ಜಗಳ ಜೋರಾದದ್ದೇ ಆಮೇಲೆ. ಮೈಸೂರು ಚಲೋ ಚಳವಳಿ ಸೆಪ್ಟೆಂಬರಿನಲ್ಲಿ, ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದದ್ದು ಅಕ್ಟೋಬರ್ ಕೊನೆಗೆ. ಆ ಎರಡು ತಿಂಗಳಿಂದ ನಮಗೆ ಮೂವತ್ತೈದು ಎಪಿಸೋಡಿನ ಸರಕು ಸಿಕ್ಕಿತು. ಚರಿತ್ರೆ ಸರಿಯಿದ್ದರೆ ನಷ್ಟ ಎನ್ನುವವರಿಗೆ ಈ ಲೆಕ್ಕ ತೋರಿಸಬೇಕು.

1938ರಲ್ಲಿ ಹೀರೋಯಿನ್ ಕೋರ್ಟಿಗೆ ಹೋಗಿ ವಿಚ್ಛೇದನ ಕೇಳುವ ಟ್ರ್ಯಾಕ್ ಬಂತು. ಹಿಂದೂ ವಿವಾಹ ಕಾಯಿದೆ 1955ರದು. ಆದರೆ ಮೈಸೂರಿನಲ್ಲಿ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕುಗಳ ಕಾಯಿದೆ ಬಂದಿತ್ತು, ಅವಿಭಕ್ತ ಕುಟುಂಬದ ಆಸ್ತಿ ಪಾಲಾಗುವಾಗ ವಿಧವೆಗೆ, ತಾಯಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಪಾಲು ಕೊಡುವಂಥದ್ದು. ವಿಚ್ಛೇದನ ಬಿಟ್ಟು ವಿಧವೆ ಅತ್ತಿಗೆಯ ಪಾಲಿನ ಜಗಳ ಹಿಡಿದೆವು. ಅತ್ತಿಗೆಯ ತಲೆ ಬೋಳಿಸುವ ಸೀನನ್ನೂ ತೆಗೆಸಿದೆ. ಆ ಪದ್ಧತಿ ಎಲ್ಲರ ಮನೆಯದಲ್ಲ. ಹಳೇ ಮೈಸೂರಿನ ಎಷ್ಟೋ ಸಮುದಾಯಗಳಲ್ಲಿ ಕೂಡಿಕೆ, ಸೀರೆ ಉಡಿಕೆ ಎಂದು ವಿಧವೆಯರ ಮರುಮದುವೆ ರೂಢಿಯಲ್ಲೇ ಇತ್ತು, ಅದಕ್ಕೆ ಮದುವೆಗಿಂತ ಕಡಿಮೆ ಮರ್ಯಾದೆ ಅಷ್ಟೇ. ಆ ಕಡಿಮೆ ಮರ್ಯಾದೆಯನ್ನು ತೋರಿಸುವುದು ಬೋಳುತಲೆಗಿಂತ ಕಷ್ಟದ ಕೆಲಸ. ಚಪ್ಪರವಿಲ್ಲ, ಹಗಲಿಲ್ಲ, ಮುತ್ತೈದೆಯರು ಮುಂದೆ ನಿಲ್ಲುವುದಿಲ್ಲ. ಒಂದು ಲಾಟೀನು ಬೆಳಕಿನಲ್ಲಿ ತೆಗೆದೆವು.

ಲಾಟೀನು ಅಂದ ಮೇಲೆ: ಒಳಗೆ ಎಲ್ಇಡಿ ಬಲ್ಬು ಹಾಕುವುದನ್ನು ಬಿಡಿ. ಅದು ಉಸಿರಾಡುವುದಿಲ್ಲ. ನಿಜವಾದ ಬತ್ತಿ ಹಚ್ಚಿ, ಕ್ಯಾಮೆರಾದ ವೈಟ್ ಬ್ಯಾಲೆನ್ಸ್ 3200 ಕೆಲ್ವಿನ್‌ಗೆ ಇಟ್ಟು, ಫಿಲ್ ಲೈಟಿಗೆ (ನೆರಳು ತುಂಬುವ ಲೈಟಿಗೆ) ಫುಲ್ ಕಿತ್ತಳೆ ಜೆಲ್ ಹಾಕಿ ಲಾಟೀನಿನ ದಿಕ್ಕಿನಿಂದಲೇ ಕೊಡಿ. ಶಟರ್ ಸೆಕೆಂಡಿನ ಐವತ್ತರಲ್ಲೊಂದು ಭಾಗ. ಬತ್ತಿಯ ಮೂಲೆಗಳನ್ನು ಕತ್ತರಿಸಿ ಅರ್ಧಚಂದ್ರ ಮಾಡಿದರೆ ಗಾಜಿಗೆ ಮಸಿ ಹಿಡಿಯುವುದಿಲ್ಲ. ಹಿತ್ತಾಳೆಯ ಹೊಳಪು ಕೊಲ್ಲಲು ನಾವು ಹಚ್ಚುತ್ತಿದ್ದುದು ಏನು ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಹುಣಸೆಹಣ್ಣಲ್ಲ, ಅಷ್ಟು ಹೇಳಬಲ್ಲೆ.

ಬಟ್ಟೆಯ ಒಂದು ಪ್ರಯೋಗ ಹೇಳಲೇಬೇಕು. ಹೊಸ ಬಿಳಿ ಪಂಚೆ ಕ್ಯಾಮೆರಾದಲ್ಲಿ ನೀಲಿ ಹೊಡೆಯುತ್ತದೆ, ಬಟ್ಟೆಯಲ್ಲೂ ಸೋಪಿನ ಪುಡಿಯಲ್ಲೂ ಹಾಕಿರುವ ಹೊಳಪಿನ ರಾಸಾಯನಿಕದಿಂದ. ಎಷ್ಟು ಒಗೆದರೂ ಪೂರಾ ಹೋಗುವುದಿಲ್ಲ. ಕೋರಾ, ಅಂದರೆ ಬಿಳುಪು ಮಾಡದ, ಬಟ್ಟೆ ತನ್ನಿ. ಬಣ್ಣಕ್ಕೆ ಟೀ ಪುಡಿ ಯಾಕೆ, ತೋಟದಲ್ಲೇ ಇದ್ದೀವಲ್ಲ ಎಂದು ಕಾಫಿ ಹೊಟ್ಟು ಕುದಿಸಿದೆವು. ಮೊದಲ ಸಲ ಕಬ್ಬಿಣದ ಡ್ರಮ್ಮಿನಲ್ಲಿ ಕುದಿಸಿ ಹತ್ತು ಪಂಚೆ ಬೂದಿಗಪ್ಪಾದವು. ಹೊಟ್ಟಿನ ಒಗರಿಗೂ ಕಬ್ಬಿಣಕ್ಕೂ ಸೇರಿದರೆ ಶಾಯಿಯೇ. ಮೂರು ಸಾವಿರ ಹೋಯಿತು, ಆ ಪಂಚೆಗಳನ್ನು ಸಾವಿನ ಮನೆ ಸೀನಿನ ಜನರಿಗೆ ಉಡಿಸಿದೆವು. ಎರಡನೇ ಸಲ ಅಲ್ಯೂಮಿನಿಯಂ ಹಂಡೆ. ಮೂರು ಕೆಜಿ ಬಟ್ಟೆಗೆ ಎರಡು ಕೆಜಿ ಒಣ ಹೊಟ್ಟು, ಇಪ್ಪತ್ತೈದು ಲೀಟರ್ ನೀರು, ಮುಕ್ಕಾಲು ಗಂಟೆ ಕುದಿ, ಸೋಸು. ಬಟ್ಟೆಯನ್ನು ಮೊದಲು ಅಂಟುವಾಳದ ಬಿಸಿನೀರಿನಲ್ಲಿ ಎರಡು ಸಲ ಒಗೆದು ಗಂಜಿ ಬಿಡಿಸಿ, ಮುನ್ನೂರು ಗ್ರಾಂ ಪಟಿಕದ ನೀರಿನಲ್ಲಿ ರಾತ್ರಿ ನೆನೆಹಾಕಿರಬೇಕು. ಇಪ್ಪತ್ತು ನಿಮಿಷ ಅದ್ದಿ, ನೆರಳಿನಲ್ಲಿ ಒಣಗಿಸಿ. ಮಳೆಗಾಲದಲ್ಲಿ ಇದನ್ನು ಮಾಡಲು ಹೋಗಬೇಡಿ, ಜುಲೈಯಲ್ಲಿ ಒದ್ದೆ ಪಂಚೆ ನಾಲ್ಕು ದಿನಕ್ಕೆ ಬೂಸಲು ಹಿಡಿದು ಚುಕ್ಕೆ ಚುಕ್ಕೆಯಾಯಿತು.

ಕೊನೆಯದು ಕಾಲದ ಲೆಕ್ಕದ ಪುಸ್ತಕ. ಅಮೆರಿಕದ 'ಮ್ಯಾಶ್' ಸೀರಿಯಲ್ಲು ಮೂರು ವರ್ಷದ ಕೊರಿಯಾ ಯುದ್ಧವನ್ನು ಹನ್ನೊಂದು ವರ್ಷ ಓಡಿಸಿತು. ನಮ್ಮದು ಉಲ್ಟಾ ರೋಗ: ಒಂದು ಮದುವೆಗೆ ಐದು ವಾರ, ಆಮೇಲೆ ಒಂದೇ ಶುಕ್ರವಾರ ಆರು ವರ್ಷ ನೆಗೆತ. ಪ್ರಸಾರದ ದಿನ ಬೇರೆ, ಕಥೆಯ ದಿನ ಬೇರೆ ಎಂದು ಎರಡು ಕಲಂ ಹಾಕಿ, ಮೂರನೆಯದರಲ್ಲಿ ಸಂವತ್ಸರ, ನಾಲ್ಕನೆಯದರಲ್ಲಿ ತೋಟದ ಸ್ಥಿತಿ ಬರೆಯುತ್ತಿದ್ದೆವು. 1936 ಧಾತು, 1940 ವಿಕ್ರಮ, 1947 ಸರ್ವಜಿತು. ಹಳೇ ಪತ್ರಗಳಿಗೆ ತಾರೀಖು ಹಾಕುವಾಗ ಇದು ಬೇಕು. ಅರೇಬಿಕಾ ಹಣ್ಣು ನವೆಂಬರಿನಿಂದ ಜನವರಿ, ಹೂವು ಮಾರ್ಚ್ ಏಪ್ರಿಲಿನ ಮಳೆ ಬಿದ್ದ ಮೇಲೆ ಅರಳಿ ಮೂರು ನಾಲ್ಕು ದಿನ ಮಾತ್ರ. ಹೂವಿನ ಶಾಟನ್ನು ಕಥೆಗೆ ಬೇಕಿರಲಿ ಬಿಡಲಿ ತೆಗೆದಿಟ್ಟುಕೊಳ್ಳಿ. ಚಾನೆಲ್ಲಿನವರು ದೀಪಾವಳಿ ಸ್ಪೆಷಲ್ ಬೇಕೆಂದಾಗ ಕಥೆಯಲ್ಲಿ ಮೇ ತಿಂಗಳು. ಎರಡು ಸಲ ಜಗಳವಾಡಿ ಸೋತೆವು, ಮೂರನೇ ಸಲ ಅಜ್ಜಿ ಹೇಳುವ ಹಳೇ ದೀಪಾವಳಿಯ ನೆನಪು ಎಂದು ಫ್ಲ್ಯಾಶ್‌ಬ್ಯಾಕ್ ಮಾಡಿಕೊಟ್ಟೆವು. ಈಗ ಎಲ್ಲರೂ ಅದನ್ನೇ ಮಾಡುತ್ತಿದ್ದಾರೆ.

ಪುಸ್ತಕದ ಕೊನೆಯ ಪುಟ 1957ರ ಏಪ್ರಿಲ್ 1, ಸೋಮವಾರ, ನಯಾಪೈಸೆ ಬಂದ ದಿನ. ರೈಟರು ಬಟವಾಡೆ ಮಾಡುತ್ತಾ ಒಂದೂಕಾಲು ರೂಪಾಯಿ ಅಂದರೆ ನೂರ ಇಪ್ಪತ್ತೈದು ನಯಾಪೈಸೆ ಎಂದು ವಿವರಿಸುತ್ತಾನೆ, ಆಳು ನಂಬುವುದಿಲ್ಲ. ಆ ಸೀನಿಗೆ ಕೆಂಪು ದಾರ ಜಗುಲಿಯ ಕೆಳಮೆಟ್ಟಿಲಿನಲ್ಲಿತ್ತು. ಇಪ್ಪತ್ತೊಂದು ವರ್ಷದ ಕಥೆಯಲ್ಲಿ ಅದು ಬಣವೆಯಿಂದ ಅಲ್ಲಿಗೆ ಬಂದದ್ದು. ಒಳಗೆ ತರಬೇಕೆಂದು ಒತ್ತಾಯವಿತ್ತು, ತರಲಿಲ್ಲ. ಅಸ್ಪೃಶ್ಯತೆಯನ್ನು ಅಪರಾಧವೆಂದ ಕಾಯಿದೆ ಬಂದು ಆಗಲೇ ಹತ್ತಿರ ಹತ್ತಿರ ಎರಡು ವರ್ಷವಾಗಿತ್ತು. ಈ ಮನೆಯಲ್ಲಿ ಅಷ್ಟೇ ಆಗಿತ್ತು.

ಶೂಟಿಂಗಿಗೆ ಕೊಂಡ ಪಾತ್ರೆಗಳನ್ನೆಲ್ಲ ಮುಗಿದ ಮೇಲೆ ಹಾಸನದ ಗುಜರಿಯವರಿಗೆ ತೂಕಕ್ಕೆ ಕೊಟ್ಟೆವು. ಕೊಂಡದ್ದು ಎಪ್ಪತ್ತು ಸಾವಿರದ ಹತ್ತಿರ, ಬಂದದ್ದು ಐವತ್ತರ ಮೇಲೆ. ಎರಡು ವರ್ಷದ ಬಾಡಿಗೆ ಉಳಿಯಿತು ಎಂದುಕೊಂಡರೆ ಲಾಭವೇ. ಮುಂದಿನದು ಚಿಕ್ಕಮಗಳೂರಿನ ಕಡೆ, ಆಗಿನ ಕಡೂರು ಜಿಲ್ಲೆಯ ಪ್ಲೇಗಿನ ಕಾಲದ ಕಥೆ ಎಂದು ಮಾತಾಗಿದೆ. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ದೃಶ್ಯಗಳೇ ಹೆಚ್ಚು. ಗುಡಿಸಲಿಗೆ ಜಗುಲಿಯಿಲ್ಲ, ತೊಟ್ಟಿಯಿಲ್ಲ, ಹೊಸ್ತಿಲೂ ಇಲ್ಲ. ದಾರ ಕಟ್ಟುವುದು ಯಾವುದಕ್ಕೆ ಎಂದು ಇನ್ನೂ ಬಗೆಹರಿದಿಲ್ಲ. ಸದ್ಯಕ್ಕೆ ಗೂಟ ಹೊಡೆದು ನೋಡುತ್ತಿದ್ದೇವೆ.